ಮಷೀನ್ ಪಾಸ್ ಮಾಡಿದ ಕೆಮ್ಮು

ಕುಂಕುಮ ಹಚ್ಚಿದ ಕಂಪ್ಯೂಟರ್ ಫ್ಲಾಪಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ನನಗೆ ಇಷ್ಟು ವರ್ಷಗಳ ಮೇಲೂ ನಗು ಬರುವುದಿಲ್ಲ, ಮೈ ಉರಿಯುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೇಡಂನಿಂದ ದಿನಾ ಪ್ಯಾಸೆಂಜರ್ ಗಾಡಿ ಹಿಡಿದು ನಾನು ಒಂದು ಸಿಮೆಂಟ್ ಕಾರ್ಖಾನೆಯ ಆಫೀಸಿಗೆ ಟೈಪಿಸ್ಟ್ ಕೆಲಸಕ್ಕೆ ಹೋಗುತ್ತಿದ್ದೆ. ಆ ಕಾರ್ಖಾನೆ ಈಗ ಇಲ್ಲ, ಅದರ ಹೆಸರು ಹೇಳುವ ಮನಸ್ಸೂ ನನಗಿಲ್ಲ. ನನ್ನ ಅಪ್ಪ ಶಾಲೆಯ ಮಾಸ್ತರು. ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪಿದರೂ ಕಿವಿ ಹಿಂಡುತ್ತಿದ್ದರು. ಆ ಕಿವಿಯ ಪುಣ್ಯದಿಂದಲೇ ನನಗೆ ನೌಕರಿ ಸಿಕ್ಕಿತ್ತೆನ್ನಬೇಕು.

ನಾನು ಸೇರಿ ಸ್ವಲ್ಪ ಕಾಲದಲ್ಲೇ ಆಫೀಸಿಗೆ ಕಂಪ್ಯೂಟರ್ ಬಂತು. ಅದಕ್ಕೊಂದು ಪ್ರತ್ಯೇಕ ಕೋಣೆ, ತಂಪು ಮಾಡುವ ಯಂತ್ರ, ಕಿಟಕಿಗೆ ದಪ್ಪ ಪರದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಾರ್ಖಾನೆಯ ಅರ್ಧ ಜನರಿಗೆ ಮೂಗಿಗೆ ಕಟ್ಟಿಕೊಳ್ಳಲು ಬಟ್ಟೆಯ ಚೂರೂ ಕೊಡದವರು ಆ ಡಬ್ಬಿಗೆ ಧೂಳು ತಾಗಬಾರದೆಂದು ದುಪ್ಪಟಿಯಂಥ ಹೊದಿಕೆ ಹೊಲಿಸಿದ್ದರು. ಅದರಲ್ಲಿ ಇಂಗ್ಲಿಷ್ ಪತ್ರ ಬರೆಯುವ ವರ್ಡ್ ಪ್ರೊಸೆಸರ್ ಇತ್ತು, ಅದರೊಳಗೊಂದು ಸ್ಪೆಲ್ ಚೆಕ್ ಇತ್ತು. ಟೈಪ್ ಮಾಡಿದ್ದನ್ನು ಅದು ಮೊದಲಿನಿಂದ ಕೊನೆಯವರೆಗೆ ನೋಡಿ, ತನಗೆ ಗೊತ್ತಿಲ್ಲದ ಶಬ್ದ ಬಂದಲ್ಲೆಲ್ಲ ನಿಲ್ಲುತ್ತಿತ್ತು. ಸೇಡಂ ಎಂದು ಹೊಡೆದರೆ ಸೆಡಾನ್ ಇರಬಹುದೇ ಎಂದು ಕೇಳುತ್ತಿತ್ತು. ಚಿಂಚೋಳಿ ಬಂದರಂತೂ ಏನೂ ತೋಚದೆ ಸುಮ್ಮನೆ ನಿಂತುಬಿಡುತ್ತಿತ್ತು.

ನಮ್ಮ ಆಫೀಸ್ ಸುಪರಿಂಟೆಂಡೆಂಟರಿಗೆ ಈ ನಿಲ್ಲುವುದೇ ಆಗಿಬರುತ್ತಿರಲಿಲ್ಲ. ಹಿಂದೊಮ್ಮೆ ಮುಂಬಯಿಯ ಹೆಡ್ ಆಫೀಸಿನಿಂದ ಅವರ ಪತ್ರವೊಂದು ಕೆಂಪು ಗೆರೆಗಳನ್ನು ಹೊತ್ತು ವಾಪಸು ಬಂದಿತ್ತಂತೆ. ಅವತ್ತಿನಿಂದ ತಪ್ಪೆಂದರೆ ಅವರಿಗೆ ಜ್ವರ. ಮೊದಲ ದಿನವೇ ನನ್ನ ಕುರ್ಚಿಯ ಹಿಂದೆ ನಿಂತು ಅಪ್ಪಣೆ ಕೊಡಿಸಿದರು:

“ನೋಡ್ರಿ ಬಾಯಿ, ನಮ್ಮ ಕಾಗದ ನೋಡಿ ಒಬ್ಬರೂ ಬೆರಳ ಎತ್ತಬಾರದು. ಮಷೀನ್ ಒಂದ್ ಕಡೀನೂ ನಿಂದ್ರಬಾರದು. ನಿಂತ್ರ ಆ ಶಬ್ದ ತಗೀರಿ, ಅದಕ್ಕ ಗೊತ್ತಿದ್ದದ್ದು ಹಾಕ್ರಿ.”

ಮಷೀನ್ ಎಲ್ಲೂ ನಿಲ್ಲದೆ ಓಡಿದರೆ ಮಾತ್ರ ಅವರು ಕಾಗದದ ಕೆಳಗೆ ತಪಾಸಣೆ ಆಗಿದೆ ಎಂಬ ರಬ್ಬರ್ ಮುದ್ರೆ ಒತ್ತುತ್ತಿದ್ದರು. ಮುದ್ರೆ ಇಲ್ಲದ ಕಾಗದ ಆಫೀಸಿನ ಹೊಸ್ತಿಲು ದಾಟುವಂತಿರಲಿಲ್ಲ. ಹೊಸ ಶಬ್ದ ಸೇರಿಸುವ ಸೌಕರ್ಯ ಮಷೀನಿನಲ್ಲೇ ಇತ್ತು. ಒಂದು ಕೀ ಒತ್ತಿದರೆ ಆಯಿತು, ಮುಂದೆ ಅದು ಆ ಶಬ್ದದ ತಂಟೆಗೆ ಬರುವುದಿಲ್ಲ. ನಾನು ಅದನ್ನು ತೋರಿಸಿದಾಗ ಅವರು ಸೇರಿಸಲು ಹೇಳಿದ ಮೊದಲ ಶಬ್ದ ಯಾವುದು ಗೊತ್ತೇ? ತಮ್ಮದೇ ಹೆಸರು. ಆಮೇಲೆ ಮನೆತನದ ಹೆಸರು. ಆಮೇಲೆ ದೊಡ್ಡ ಸಾಹೇಬರ ಹೆಸರು, ಅವರ ಹೆಂಡತಿಯ ಹೆಸರು. ಅಷ್ಟಾದ ಮೇಲೆ ಊರುಗಳಿಗೆ ಅಪ್ಪಣೆ ಸಿಕ್ಕಿತು. ಉಳಿದ ಯಾವ ಶಬ್ದವನ್ನೂ ತಮ್ಮನ್ನು ಕೇಳದೆ ಮುಟ್ಟಕೂಡದು ಎಂದು ಬಾಗಿಲು ಮುಚ್ಚಿದರು.

ಈಗ ಕಾಕಾನ ವಿಷಯಕ್ಕೆ ಬರುತ್ತೇನೆ. ಚಿತ್ತಾಪುರದಲ್ಲಿ ನಮ್ಮ ಗಾಡಿ ಹತ್ತುತ್ತಿದ್ದ ಈತ ಕಾರ್ಖಾನೆಯ ಕ್ರಷರ್‌ನಲ್ಲಿ, ಅಂದರೆ ಕಲ್ಲು ಪುಡಿ ಮಾಡುವಲ್ಲಿ, ಕೆಲಸಕ್ಕಿದ್ದ. ಅದಕ್ಕೂ ಮೊದಲು ಕಲ್ಲಿನ ಖಣಿಗಳಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ ಮಾಡಿದ್ದ. ನಮ್ಮ ರೈಲು ಡಬ್ಬಿಯ ಎಲ್ಲರೂ ಆತನನ್ನು ಕಾಕಾ ಎನ್ನುತ್ತಿದ್ದರು. ಆತ ನನಗೆ ಯಾವಾಗಲೂ ಕಿಟಕಿಯ ಜಾಗ ಬಿಟ್ಟುಕೊಡುತ್ತಿದ್ದ. ಒಂದು ಬೇಸಿಗೆ ಕಳೆಯುವುದರೊಳಗೆ ಆ ಜಾಗ ನಾನೇ ಅವನಿಗೆ ಬಿಟ್ಟುಕೊಡುವಂತಾಯಿತು. ಸ್ಟೇಷನ್ನಿನ ಮೆಟ್ಟಿಲು ಹತ್ತಿ ಬಂದರೆ ಮಾತಾಡಲು ಆತನಿಗೆ ಉಸಿರೇ ಉಳಿಯುತ್ತಿರಲಿಲ್ಲ.

ಕಾರ್ಖಾನೆಯ ದವಾಖಾನೆಯಲ್ಲಿ ಒಬ್ಬ ಡಾಕ್ಟರಬಾಯಿ ಇದ್ದರು. ಖಡಕ್ ಹೆಂಗಸು. ಕಾಕಾನನ್ನು ಗುಲಬರ್ಗಾಕ್ಕೆ ಕಳಿಸಿ ಎದೆಯ ಎಕ್ಸ್‌ರೇ ತೆಗೆಸಿದರು. ಆಮೇಲೆ ಕೈಬರಹದಲ್ಲಿ ವರದಿ ಬರೆದರು: ಇದು ಕಲ್ಲಿನ ಧೂಳಿನಿಂದ ಪುಪ್ಪುಸಕ್ಕೆ ಬರುವ ಸಿಲಿಕೋಸಿಸ್, ಇವರನ್ನು ಧೂಳಿಲ್ಲದ ಕೆಲಸಕ್ಕೆ ಕೂಡಲೇ ಹಾಕಬೇಕು. ಅದನ್ನು ನಾನು ಟೈಪ್ ಮಾಡಬೇಕು, ಮುದ್ರೆ ಬೀಳಬೇಕು, ಲೇಬರ್ ಆಫೀಸರರ ಮೇಜಿಗೆ ಹೋಗಬೇಕು. ಆಗ ಕಾಕಾ ಕ್ರಷರ್‌ನಿಂದ ಹೊರಗೆ ಬರುತ್ತಾನೆ. ಇಷ್ಟೇ ಆಗಬೇಕಾಗಿದ್ದದ್ದು.

ಮಷೀನ್ ಸಿಲಿಕೋಸಿಸ್ ಮೇಲೆ ನಿಂತಿತು.

“ಏನದು?” ಎಂದರು ಸುಪರಿಂಟೆಂಡೆಂಟರು ಹಿಂದಿನಿಂದ.

“ರೋಗದ ಹೆಸರ್ರೀ. ಸೇರಸ್ತೀನ್ರಿ.”

“ಬ್ಯಾಡ. ದವಾಖಾನಿ ಶಬ್ದ ಖರೇ ಅದನೋ ಖೋಟಾ ಅದನೋ ನಿಮಗ ಹ್ಯಾಂಗ ಗೊತ್ತು? ನಾಳಿಗಿ ತಪ್ಪಾದ್ರ ಜವಾಬ್ದಾರಿ ಯಾರು? ಕೆಮ್ಮತಾನಲ್ಲ ಅವ? ಕೆಮ್ಮ ಅಂತ ಹಾಕ್ರಿ.”

“ಕೆಮ್ಮು ಬ್ಯಾರೆ, ಇದು ಬ್ಯಾರೆ ಅದರಿ ಸಾಹೇಬ್ರ.”

“ಮಷೀನಿಗಿಂತ ನಿಮಗ ಹೆಚ್ಚ ತಿಳೀತದೇನು?”

ಕೆಮ್ಮು ಎಂದೇ ಹೊಡೆಸಿದರು. ಮಷೀನ್ ಸರಾಗವಾಗಿ ಓಡಿತು. ಮುದ್ರೆ ಬಿತ್ತು. ಬೆರಳು ನನ್ನದಲ್ಲವೇ ಎಂದು ಯಾರಾದರೂ ಕೇಳಿದರೆ, ಹೌದು, ಬೆರಳು ನನ್ನದು, ಹಟ ಅವರದು. ಅವರ ಪಾಪದಲ್ಲಿ ಪಾಲು ತೆಗೆದುಕೊಂಡು ಕಣ್ಣೀರು ಹಾಕುವ ಜಾತಿ ನನ್ನದಲ್ಲ. ಟೈಪಾದ ಕಾಗದ ಡಾಕ್ಟರರ ಕಣ್ಣಿಗೆ ಮತ್ತೆ ಬೀಳುವ ಪದ್ಧತಿಯೇ ನಮ್ಮಲ್ಲಿರಲಿಲ್ಲ. ಅದು ನೆಟ್ಟಗೆ ಲೇಬರ್ ಆಫೀಸಿಗೆ ಹೋಯಿತು. ಕೆಮ್ಮಿಗೆ ಯಾರಾದರೂ ಕೆಲಸ ಬದಲಿ ಮಾಡುತ್ತಾರೆಯೇ ಎಂದು ಅಲ್ಲಿ ನಕ್ಕರಂತೆ. ಕಾಕಾನ ಕೈಗೆ ಒಂದು ಬಾಟಲಿ ಕೆಮ್ಮಿನ ಔಷಧ ಕೊಟ್ಟು ಮತ್ತೆ ಕ್ರಷರ್‌ಗೆ ಕಳಿಸಿದರು.

ಅವತ್ತೇ ನಾನು ದವಾಖಾನೆಗೆ ಹೋಗಿ ಡಾಕ್ಟರಬಾಯಿಗೆ ಎಲ್ಲ ಹೇಳಿದೆ. ಅವರು ನೆಟ್ಟಗೆ ಆಫೀಸಿಗೆ ಬಂದು ಸುಪರಿಂಟೆಂಡೆಂಟರ ಜೊತೆ ದೊಡ್ಡ ಜಗಳ ತೆಗೆದರು. ಲೇಬರ್ ಆಫೀಸಿಗೂ ಹೋಗಿ ಬಾಯಿಮಾತಿನಲ್ಲಿ ಹೇಳಿದರು. ಬಾಯಿಮಾತು ನಡೆಯುವುದಿಲ್ಲ, ಮುದ್ರೆಯ ಕಾಗದ ಕಳಿಸಿ ಎಂದು ಅಲ್ಲಿ ಹೇಳಿದರು. ಕೊನೆಗೆ ದೊಡ್ಡ ಸಾಹೇಬರೇ ನಡುವೆ ಬಂದು ಒಂದು ತೀರ್ಪು ಕೊಟ್ಟರು. ವೈದ್ಯಕೀಯ ಶಬ್ದಗಳದ್ದೇ ಒಂದು ನಿಘಂಟು ಫ್ಲಾಪಿಯಲ್ಲಿ ಸಿಗುತ್ತದಂತೆ, ಅದನ್ನು ತರಿಸಿ ಮಷೀನಿಗೆ ಸೇರಿಸಿಬಿಡಿ, ಜವಾಬ್ದಾರಿಯ ಪ್ರಶ್ನೆಯೇ ಇರುವುದಿಲ್ಲ ಎಂದರು. ನನಗೂ ಡಾಕ್ಟರಬಾಯಿಗೂ ಸಮಾಧಾನವಾಯಿತು. ಗಾಡಿಯಲ್ಲಿ ಕಾಕಾನಿಗೆ ಹೇಳಿದೆ, ಇನ್ನು ಸ್ವಲ್ಪ ದಿನ ತಡೆಯಿರಿ ಎಂದು.

ಮುಂಬಯಿಯಿಂದ ಫ್ಲಾಪಿ ಬಂತು. ಆದರೆ ಬಂದದ್ದು ಆಷಾಢದಲ್ಲಿ. ಆಷಾಢದಲ್ಲಿ ಹೊಸ ಸಾಮಾನು ಶುರು ಮಾಡಬಾರದೆಂದು ಸುಪರಿಂಟೆಂಡೆಂಟರು ಅದನ್ನು ತಮ್ಮ ಕಬ್ಬಿಣದ ಅಲ್ಮಾರಿಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಶ್ರಾವಣ ಬಂತು, ಆಡಿಟ್‌ನವರು ಬಂದಿದ್ದಾರೆ, ಈಗ ಆಗುವುದಿಲ್ಲ. ಗಣಪತಿ ಕೂತ, ಎದ್ದ. ಆಮೇಲೆ ಪಿತೃಪಕ್ಷ, ಅದರಲ್ಲಿ ಒಳ್ಳೆಯ ಕೆಲಸ ಕೇಳಲೇಬಾರದು. ಹೇಗೂ ದಸರೆ ಹತ್ತಿರ ಬಂತಲ್ಲ, ಆಯುಧಗಳ ಖಂಡೇಪೂಜೆಗೆ ಇಟ್ಟು, ಪೂಜೆ ಮಾಡಿಯೇ ತೆಗೆಯೋಣ ಎಂದರು. ಡಾಕ್ಟರಬಾಯಿ ಕೇಳಿದರೆ ಒಂದು ನಗೆ, ನಾನು ಕೇಳಿದರೆ ಒಂದು ಗದರಿಕೆ. ಪಂಚಾಂಗದ ಅಷ್ಟೂ ಪುಟ ತಿರುವುವ ತನಕ ಕಾಕಾ ದಿನಾ ಆ ಕ್ರಷರ್‌ಗೇ ಹೋಗಿಬರುತ್ತಿದ್ದ. “ಬಂತೇನ್ರಿ ಬಾಯಾರ?” ಎಂದು ಕೇಳುತ್ತಿದ್ದ. ಬಂದಿದೆ, ಅಲ್ಮಾರಿಯಲ್ಲಿದೆ ಎಂದು ಯಾವ ಬಾಯಿಂದ ಹೇಳಲಿ? ಹೇಳಿದೆ. ಆತ ಸಿಟ್ಟಾಗಲಿಲ್ಲ. ಸಿಟ್ಟಾಗಲು ಬೇಕಾದ ಉಸಿರೂ ಆತನಲ್ಲಿ ಇರಲಿಲ್ಲ.

ಖಂಡೇಪೂಜೆಯ ದಿನ ನಮ್ಮ ಕಡೆ ಪೂಜೆ ತಪ್ಪಿಸಿಕೊಳ್ಳುವ ಸಾಮಾನು ಯಾವುದೂ ಇಲ್ಲ. ಲಾರಿ, ಲೇಥ್, ತೂಕದ ಯಂತ್ರ, ಆಫೀಸಿನ ಪಂಚಿಂಗ್ ಮಷೀನ್ ತನಕ ಎಲ್ಲಕ್ಕೂ ಕುಂಕುಮ, ಹೂವು. ಕಂಪ್ಯೂಟರಿನ ತಲೆಯ ಮೇಲೆ ಚೆಂಡುಹೂವಿನ ಸರ, ಮುಂದೆ ಲಿಂಬೆಹಣ್ಣು. ಸುಪರಿಂಟೆಂಡೆಂಟರು ಮಡಿಯಲ್ಲಿ ಅಲ್ಮಾರಿ ತೆಗೆದು ಫ್ಲಾಪಿ ತಂದರು. ಅದನ್ನು ಕಾಗದದ ಚೀಲದಿಂದ ಹೊರತೆಗೆದರು. ಆಗಿನ ಫ್ಲಾಪಿ ಅಂಗೈಯಗಲದ ತೆಳು ಚೌಕ. ನಡುವೆ ಒಂದು ಸೀಳು ಕಿಟಕಿ, ಅದರೊಳಗೆ ಕಂದು ಬಣ್ಣದ ತಟ್ಟೆ ಕಾಣುತ್ತದೆ. ಬರೆದದ್ದೆಲ್ಲ ಇರುವುದು ಆ ತಟ್ಟೆಯ ಮೇಲೆಯೇ. ನಾನು “ಬ್ಯಾಡ್ರಿ, ಬ್ಯಾಡ್ರಿ!” ಎಂದು ಮುಂದೆ ಬರುವಷ್ಟರಲ್ಲಿ ಅವರು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಆ ಕಿಟಕಿಯೊಳಗೇ ಬೆರಳಿನಿಂದ ತಿಕ್ಕಿ, ಮೇಲೆ ಎರಡು ಅಕ್ಷತೆ ಒತ್ತಿಬಿಟ್ಟಿದ್ದರು.

“ಚೀಲದಾಗಿಂದ ಯಾಕ ತಗದ್ರಿ?” ನನ್ನ ಧ್ವನಿ ಏರಿತ್ತು.

“ಚೀಲಕ್ಕ ಹಚ್ಚಿದ್ರ ಚೀಲಕ್ಕೇ ಪೂಜಿ ಆಗ್ತದ. ಒಳಗಿಂದಕ್ಕ ಹ್ಯಾಂಗ ಮುಟ್ಟಬೇಕು?”

ಮುಟ್ಟಿತು, ಚೆನ್ನಾಗಿಯೇ ಮುಟ್ಟಿತು. ರಜೆ ಮುಗಿದ ಮೇಲೆ ಫ್ಲಾಪಿ ಹಾಕಿದರೆ ಮಷೀನ್ ಗರಗರ ಎಂದು ಹಲ್ಲು ಕಡಿಯಿತು. ಒಂದು ಶಬ್ದವೂ ಬರಲಿಲ್ಲ. ಮುಂಬಯಿಯವರು ಖರಾಬು ಮಾಲು ಕಳಿಸಿದ್ದಾರೆ ಎಂದು ಸುಪರಿಂಟೆಂಡೆಂಟರು ಅಲ್ಲಿಗೇ ಕೈ ತೊಳೆದುಕೊಂಡರು. ಮತ್ತೊಂದು ತರಿಸೋಣ, ಅವಸರವೇನು ಎಂದರು.

ನನ್ನ ಜಗಳ ದೇವರೊಡನೆ ಅಲ್ಲ. ನಮ್ಮ ಮನೆಯಲ್ಲೂ ಒರಳಿಗೆ, ಈಳಿಗೆಗೆ ಕುಂಕುಮ ಹಚ್ಚುತ್ತೇವೆ. ಆದರೆ ಈಳಿಗೆಯನ್ನು ವರ್ಷವಿಡೀ ಬಳಸಿ ಒಂದು ದಿನ ಪೂಜೆ ಮಾಡುತ್ತೇವೆ. ಪೂಜೆಯ ದಿನ ಬರಲೆಂದು ಅದನ್ನು ಮುಚ್ಚಿಟ್ಟು ಬದನೆಕಾಯಿಯನ್ನು ಹಲ್ಲಿನಿಂದ ಕಡಿಯುವುದಿಲ್ಲ. ಒಬ್ಬನ ಜೀವ ಧೂಳಿನಲ್ಲಿ ಸವೆಯುತ್ತಿರುವಾಗ ಅವನಿಗೆ ಬೇಕಾದ ವಸ್ತುವನ್ನು ಬೀಗದೊಳಗಿಟ್ಟು ಆರತಿ ಎತ್ತುವುದನ್ನು ಭಕ್ತಿ ಎನ್ನುವವರಿದ್ದರೆ ಎನ್ನಲಿ, ನನ್ನ ಬಾಯಲ್ಲಿ ಬರುವ ಶಬ್ದವೇ ಬೇರೆ.

ಮರುದಿನ ಸುಪರಿಂಟೆಂಡೆಂಟರು ಊಟಕ್ಕೆ ಮನೆಗೆ ಹೋದದ್ದೇ ತಡ, ಡಾಕ್ಟರಬಾಯಿ ತಮ್ಮ ದಪ್ಪ ಪುಸ್ತಕ ಹಿಡಿದು ಬಂದರು. ನನ್ನ ಪಕ್ಕ ಕುರ್ಚಿ ಎಳೆದುಕೊಂಡು, “ನಾ ಹೇಳ್ತೀನಿ, ನೀ ಹಾಕ್ಕೋತ ಹೋಗು. ಅವ ಏನ್ ಮಾಡ್ತಾನ ನಾನೂ ನೋಡ್ತೀನಿ,” ಎಂದರು. ಸಿಲಿಕೋಸಿಸ್ ಮೊದಲು ಹೋಯಿತು. ಆಮೇಲೆ ಪುಪ್ಪುಸದ್ದು, ಕಿವಿಯದ್ದು, ಸುಟ್ಟ ಗಾಯದ್ದು, ನಮ್ಮ ಕಾರ್ಖಾನೆಯ ಮೈಗಳಿಗೆ ಬರುವ ಕಾಯಿಲೆಗಳ ಶಬ್ದಗಳನ್ನೆಲ್ಲ ಒಂದೊಂದಾಗಿ ಸೇರಿಸಿದೆವು. ಊಟದ ಬಿಡುವಿನಲ್ಲೇ ಮುಗಿಯುವ ಕೆಲಸ. ಆಷಾಢದಲ್ಲೂ ಮಾಡಬಹುದಾಗಿದ್ದ ಕೆಲಸ!

ಕಾಕಾನ ವರದಿಯನ್ನು ಹೊಸದಾಗಿ ಹೊಡೆದು ಸುಪರಿಂಟೆಂಡೆಂಟರ ಮುಂದೆಯೇ ಮಷೀನ್ ಓಡಿಸಿದೆ. ಅದು ಎಲ್ಲೂ ನಿಲ್ಲಲಿಲ್ಲ. ಅವರು ಕಾಗದದ ಒಂದಕ್ಷರವನ್ನೂ ಓದದೆ ಮುದ್ರೆ ಒತ್ತಿದರು. ಅದನ್ನು ನೋಡಿ ನನಗೆ ಸಿಟ್ಟು ಇಮ್ಮಡಿಯಾಯಿತು. ಈ ಮನುಷ್ಯ ಇಷ್ಟು ದಿನ ಯಾವ ಕಾಗದವನ್ನೂ ಓದಿರಲೇ ಇಲ್ಲ. ಮಷೀನ್ ನಿಂತಿತೋ ಓಡಿತೋ, ಅಷ್ಟೇ ನೋಡುತ್ತಿದ್ದರು.

ಅಲ್ಲಿಗೂ ಮುಗಿಯಲಿಲ್ಲ. ಲೇಬರ್ ಆಫೀಸರರು ನನ್ನನ್ನೂ ಸುಪರಿಂಟೆಂಡೆಂಟರನ್ನೂ ಕರೆಸಿದರು. ಅವರ ಮುಂದೆ ಒಂದೇ ಮನುಷ್ಯನ ಎರಡು ವರದಿಗಳು, ಎರಡಕ್ಕೂ ಒಂದೇ ಮುದ್ರೆ.

“ಮೊದಲ ಕೆಮ್ಮ ಅಂದ್ರಿ, ಈಗ ಇದೇನೋ ಅಂತೀರಿ. ಖರೇ ಯಾವುದು?”

“ಎರಡೂ ಮಷೀನ್ ಪಾಸ್ ಮಾಡ್ಯಾದ್ರಿ,” ಎಂದರು ನಮ್ಮ ಸುಪರಿಂಟೆಂಡೆಂಟರು, ಕೈಕಟ್ಟಿ ನಿಂತು, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

“ಹಂಗಾದ್ರ ಮೊದಲಿಂದೇ ಇರ್ಲಿ,” ಎಂದು ಆಫೀಸರರು ಹೊಸ ಕಾಗದವನ್ನು ಬದಿಗೆ ಸರಿಸಿದರು.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಗಂಡಸರ ಮುಂದೆ ಧ್ವನಿ ಎತ್ತುವ ರೂಢಿ ಇಲ್ಲ. ಅವತ್ತು ನಾನು ಎತ್ತಿದ ಧ್ವನಿ ಹೊರಗೆ ಹಾಜರಿ ಹಾಕಿಸಲು ನಿಂತವರಿಗೂ ಕೇಳಿಸಿತಂತೆ.

“ಡಾಕ್ಟರಬಾಯಿ ಕೆಮ್ಮ ಅಂತ ಬರದೇ ಇಲ್ರಿ! ಕೆಮ್ಮ ಅಂತ ಹೊಡೀರಿ ಅಂದವ್ರು ಇವ್ರು, ಹೊಡದಾಕಿ ನಾನು. ಬೇಕಂದ್ರ ಇಬ್ಬರ್ನೂ ನೌಕರಿಲಿಂದ ತಗೀರಿ. ಅದಕಿಂತ ಮೊದಲ ಆ ಕಾಕಾನ್ನ ಕ್ರಷರ್‌ನಾಗಿಂದ ತಗೀರಿ!”

ಯಾರ ನೌಕರಿಯೂ ಹೋಗಲಿಲ್ಲ. ಸುಪರಿಂಟೆಂಡೆಂಟರು ಆಮೇಲೆ ನನ್ನ ಜೊತೆ ಮಾತು ಬಿಟ್ಟರು, ಅದೊಂದು ಲಾಭ. ದೀಪಾವಳಿ ಮುಗಿದ ಮೇಲೆ ಕಾಕಾನನ್ನು ಮೇನ್ ಗೇಟಿಗೆ ಹಾಕಿದರು. ಬಂದ ಗಾಡಿಗಳ ನಂಬರ್ ನೋಡುವ ಕೆಲಸ, ಬೇವಿನ ಮರದ ಕೆಳಗೆ ಒಂದು ಸ್ಟೂಲು. ಧೂಳು ಅಷ್ಟು ದೂರ ಬರುತ್ತಿರಲಿಲ್ಲ. ನನಗೆ ಗೆದ್ದಂತೆಯೇ ಅನಿಸಿತು. ಒಂದು ಬೆಳಗ್ಗೆ ಗೇಟು ದಾಟುವಾಗ ಹುರುಪಿನಿಂದ ಅವನ ಹತ್ತಿರ ಹೋದೆ.

“ಹ್ಯಾಂಗದ ಕಾಕಾ ಇಲ್ಲಿ? ಈಗ ಆರಾಮಲ್ಲ?”

ಆತ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಮಾತಿಗೆ ಬೇಕಾದ ಉಸಿರು ಕೂಡುವ ತನಕ ನನ್ನನ್ನೇ ನೋಡಿದ.

“ಇಲ್ಲಿ ಗಾಳಿ ಭಾಳ ಚಲೋ ಅದರಿ ಬಾಯಾರ,” ಎಂದ. “ಒಳಗ ಹೋಗವಲ್ದು, ಅಷ್ಟ.”