ಸಿಂಗಾರ ಮಾಡಿ ಕಳಿಸಿದ ನೀರು

ಮಕ್ಕಳೇ, ಹುಣಸೂರಿನ ಕೆಳಗೆ ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿರುವ ನಮ್ಮ ಬಾವಿ ನಿಮ್ಮ ತಾತ ತೋಡಿದ್ದು. ಅವರು ಹೋದ ಮೇಲೂ ಬೀದಿಯವರು ಕುಡಿಯಲು ಅದರ ನೀರನ್ನೇ ಒಯ್ಯುತ್ತಾರೆ. ಬಿಂದಿಗೆ ಹಿಡಿದು ಬಂದವರು ಮಾತಾಡುತ್ತಾರೆ, ನಾನು ಕೇಳುತ್ತೇನೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುವ ನನಗೆ ಅದೇ ಹಬ್ಬ.

ಹೋದ ಬೇಸಿಗೆಯಲ್ಲಿ ಮೈಸೂರಿನಲ್ಲಿ ಓದುವ ಹುಡುಗಿಯೊಬ್ಬಳು ಬಂದಳು. ಪಟ್ಟಣದ ಚರಂಡಿ ಸೇರುವಲ್ಲಿ ಹೊಳೆಯ ನೀರಿನಲ್ಲಿ ಸೀಸ, ತಾಮ್ರ ಎಷ್ಟಿದೆಯೆಂದು ನೋಡುವುದು ಅವಳ ಕೆಲಸ. ಅದು ಹತ್ತಿರದ ಬಾವಿಗಳಿಗೂ ಇಳಿದಿರಬಹುದೆಂದು ನನಗೂ ಒಂದು ಪ್ಲಾಸ್ಟಿಕ್ ಬಾಟಲಿ ಕೊಟ್ಟಳು.

"ತುಂಬಿಸಿಟ್ಟಿರಿ ಅಜ್ಜಿ, ನಾಳೆ ಬಂದು ತಗೋತೀನಿ."

ಮೈಸೂರಿಗೆ ಹೋಗುವ ನೀರು! ತವರಿನವರು ಮದುವೆಗೆ ಕೊಟ್ಟ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿದೆ. ಸಂಜೆಯೇ ನೀರು ಸೇದಿ, ಅದರಲ್ಲಿ ತುಂಬಿ ದೇವರ ಮುಂದಿಟ್ಟು, ಬೆಳಿಗ್ಗೆ ಬಾಟಲಿಗೆ ಸುರಿದೆ.

ಹುಡುಗಿ ಬಂದು ಅದನ್ನು ಒಯ್ದಳು. ಪರೀಕ್ಷೆ ಮುಗಿಸಿ ಮತ್ತೆ ಬಂದಾಗ ಅವಳ ಮುಖ ಸಪ್ಪಗಿತ್ತು. ಬಾವಿಯಲ್ಲಿ ಸೀಸವಿಲ್ಲ, ಆದರೆ ತಾಮ್ರ ಹೊಳೆಗಿಂತ ಹೆಚ್ಚು. ಸದ್ಯಕ್ಕೆ ಯಾರೂ ಕುಡಿಯಬೇಡಿ ಎಂದಳು. ಇನ್ನು ಬಾವಿಗೆ ಯಾರು ಬರುತ್ತಾರೆ? ಆದರೂ ಬಂದವಳಿಗೆ ನೀರು ಕೊಡದೆ ಇರಲಾದೀತೆ? ನಲ್ಲಿ ನೀರನ್ನೇ ಆ ಚೊಂಬಿನಲ್ಲಿ ತಂದುಕೊಟ್ಟೆ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಜ್ಜಿ, ಆವತ್ತಿನ ನೀರು..."

"ಇದ್ರಲ್ಲೇ ಮಡಗಿದ್ದೆ ಕಣವ್ವ. ಹುಣಸೆಹಣ್ಣಲ್ಲಿ ಚೆನ್ನಾಗಿ ತಿಕ್ಕಿ."

ಹುಡುಗಿ ನಕ್ಕು ನಕ್ಕು ಜಗಲಿಯ ಮೇಲೆ ಕುಸಿದಳು. ಹುಳಿ ತಾಗಿದ ಚೊಂಬಿನ ತಾಮ್ರವೇ ನೀರಿಗೆ ಬಿಟ್ಟಿರಬೇಕಂತೆ. ಬಾಗಿಲಲ್ಲಿ ನಿಂತಿದ್ದ ನನ್ನ ಓರಗಿತ್ತಿ ಸುಮ್ಮನಿದ್ದಾಳೆಯೇ?

"ಅಲ್ಲ ಕಣಕ್ಕ, ನೀರ್‍ಗೂ ಸಿಂಗಾರ ಮಾಡಿ ಕಳ್ಸಿದ್ದೀಯಲ್ಲ! ಹೆಣ್ ನೋಡಕ್ ಬಂದಿದ್ರಾ?"

ಈ ಸಲ ಹುಡುಗಿ ನನ್ನನ್ನು ನಂಬಲಿಲ್ಲ. ಬಾಟಲಿಗೇ ದಾರ ಕಟ್ಟಿ ತಾನೇ ಬಾವಿಗಿಳಿಸಿ ತುಂಬಿಕೊಂಡಳು. ಆಮೇಲೆ ಫೋನ್ ಬಂತು: ಬಾವಿಯ ನೀರು ಚೆನ್ನಾಗಿದೆ, ಕುಡಿಯಬಹುದು. ಹೊಳೆಯಲ್ಲಿ ಮಾತ್ರ ಸೀಸವಿದೆ, ಅಲ್ಲಿ ಸೊಪ್ಪು ತೊಳೆಯಬೇಡಿ. ಅಂದಿನಿಂದ ಸೊಪ್ಪನ್ನೂ ಬಾವಿಯ ನೀರಿನಲ್ಲೇ ತೊಳೆಯುತ್ತೇನೆ.

ಫೋನ್ ಬಂದ ಸಂಜೆ ಬಾವಿಕಟ್ಟೆಯ ಮೇಲೆ ಬಿಂದಿಗೆ ಇಡಲು ಜಾಗವಿರಲಿಲ್ಲ. ಚೊಂಬಿನ ಕಥೆ ಹೇಳಲು ಓರಗಿತ್ತಿ ಬಾಯಿ ತೆರೆದಳು.

"ನೀನ್ ಸುಮ್ಕಿರು, ನಾನೇಳ್ತೀನಿ" ಎಂದು ನಾನೇ ಶುರುಮಾಡಿದೆ.