ಕಡಲಿಗೆಂದು ಕಟ್ಟಿದ ನೊಣಗಳು

ಕರ್ಪೂರ, ಜೇನುಮೇಣ, ಹಳೆಯ ಕೋಳಿಗರಿ ಮೂರೂ ಸೇರಿದರೆ ಎಂಥ ವಾಸನೆ ಬರುತ್ತದೆ ಎಂದು ಕೇಳಿದರೆ ಬೇರೆಯವರು ತಬ್ಬಿಬ್ಬಾದಾರು. ನನಗೆ ಚೆನ್ನಾಗಿ ಗೊತ್ತು. ಅದು ನಮ್ಮ ರಂಗ ಚಿಕ್ಕಪ್ಪನ ಬೇಸಿಗೆಯ ವಾಸನೆ. ಈ ವರ್ಷ ಯುಗಾದಿಗೆ ಮುಂಚೆ ಅವನ ಮಗಳು ಸುಮ ಕಡೂರಿನ ತನ್ನ ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಸಜ್ಜದ ಮೇಲಿನ ಸಾಮಾನೆಲ್ಲ ಇಳಿಸುತ್ತಿದ್ದಳು. ಕೈಜೋಡಿಸಲು ನಾನೂ ಹೋಗಿದ್ದೆ. ಹಳೆ ಕೊಡಪಾನ, ಮುರಿದ ಫ್ಯಾನುಗಳ ಹಿಂದೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿದಾಗ ಆ ವಾಸನೆ ಹೊರಗೆ ಬಂತು. ಒಳಗೆ ಹತ್ತಿಯ ಹಾಸು, ಅದರ ಮೇಲೆ ಸಾಲಾಗಿ ಚುಚ್ಚಿಟ್ಟ ಸಣ್ಣ ಸಣ್ಣ ಗಾಳದ ಕೊಕ್ಕೆಗಳು, ಪ್ರತಿಯೊಂದಕ್ಕೂ ಗರಿಯಿಂದ ಕಟ್ಟಿದ ರೆಕ್ಕೆ, ದಾರ ಸುತ್ತಿ ಮಾಡಿದ ಹೊಟ್ಟೆ. “ಅಕ್ಕ, ಅಪ್ಪನ ನೊಣ ಇನ್ನೂ ಇಲ್ಲೇ ಅವೆ ಕಣೇ” ಎಂದು ಸುಮ ನೆಲದ ಮೇಲೇ ಕೂತುಬಿಟ್ಟಳು.

ಆ ನೊಣಗಳು ಹುಟ್ಟಿದ ಮನೆ ಈಗ ಇಲ್ಲ. ದೇವನೂರಿನ ಹತ್ತಿರ ರಸ್ತೆಗೆ ಮುಖ ಮಾಡಿದ್ದ ಮನೆ ಅದು. ಹಿಂದೆ ತೆಂಗಿನ ತೋಟ, ಅದರಾಚೆ ರಾಗಿ ಹೊಲ, ಮುಂದೆ ಉದ್ದಕ್ಕೆ ಜಗಲಿ. ರಸ್ತೆ ಅಗಲ ಮಾಡುವಾಗ ಮೊದಲು ಜಗಲಿ ಹೋಯಿತು, ಆಮೇಲೆ ನಡುಮನೆ. ಉಳಿದದ್ದನ್ನು ಉಳಿಸಿಕೊಂಡು ಮಾಡುವುದೇನೆಂದು ನಾವೇ ಕೆಡವಿಸಿದೆವು. ಅಜ್ಜಿ ಮಲಗುತ್ತಿದ್ದ ಜಾಗದ ಮೇಲೆ ಈಗ ಲಾರಿಗಳು ಓಡಾಡುತ್ತವೆ. ನಿಮ್ಮ ಕಡೆಯೂ ಇಂಥ ಮನೆಯೊಂದು ಹೋಗಿದ್ದರೆ ನಾನು ಹೆಚ್ಚು ಹೇಳಬೇಕಿಲ್ಲ. ಬಸ್ಸಿನಲ್ಲಿ ಆ ಜಾಗ ದಾಟುವಾಗ ನಾನು ಈಗಲೂ ಕಾಲು ಮೇಲೆತ್ತಿ ಸೀಟಿನ ಮೇಲಿಟ್ಟುಕೊಳ್ಳುತ್ತೇನೆ. ಕಂಡಕ್ಟರು ಏನಾದರೂ ಅಂದುಕೊಳ್ಳಲಿ, ಅಜ್ಜಿಯ ಹಾಸಿಗೆ ತುಳಿಯುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಕಡೆ ಮೀನು ಹಿಡಿಯುವುದೆಂದರೆ ಬಿದಿರು ಕೋಲು, ದಾರ, ಎರೆಹುಳು. ಹುಳು ಚುಚ್ಚಿ ನೀರಿಗೆ ಬಿಟ್ಟು ಬೀಡಿ ಹಚ್ಚಿಕೊಂಡು ಕೂತರೆ ಮುಗಿಯಿತು. ಚಿಕ್ಕಪ್ಪನದು ಬೇರೆಯೇ ಪಂಥ. ಮದುವೆಗೆ ಮುಂಚೆ ಅವನು ಲಿಂಗದಹಳ್ಳಿಯ ಮೇಲಿನ ಒಂದು ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ. ತೋಟ ಮಾರಿ ಹೋಗುವಾಗ ಅದರ ಯಜಮಾನರು ಬೇಡದ ಸಾಮಾನನ್ನೆಲ್ಲ ಹಂಚಿದರಂತೆ. ಒಬ್ಬನಿಗೆ ಮಂಚ, ಒಬ್ಬನಿಗೆ ಕೋಟು, ನಮ್ಮ ಚಿಕ್ಕಪ್ಪನಿಗೆ ಒಂದು ಮೀನಿನ ಕೋಲು. ಬಿದಿರ ಸೀಳುಗಳನ್ನು ಅಂಟಿಸಿ ಮಾಡಿದ್ದು, ತುಂಡು ತುಂಡಾಗಿ ಕಳಚುವಂಥದು, ಬಳುಕಿದರೆ ಚಾಟಿ. ಅದಕ್ಕೆ ಹುಳು ಚುಚ್ಚುವ ಹಾಗಿಲ್ಲ. ಗರಿಯ ನೊಣ ಕಟ್ಟಿ, ದಾರವನ್ನು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಬೀಸಿ, ನಿಜವಾದ ನೊಣ ಬಂದು ಕೂತ ಹಾಗೆ ನೀರಿನ ಮೇಲೆ ಇಳಿಸಬೇಕು. ಚಿಕ್ಕಪ್ಪ ಕೆರೆ ಏರಿಯ ಮೇಲೆ ನಿಂತು ಅದನ್ನು ಬೀಸುವುದನ್ನು ನೋಡಿ ಊರವರು ನಕ್ಕರು. “ಏನಪ್ಪಾ ರಂಗ, ಮೀನು ಹಿಡೀತೀಯೋ, ಕೆರೆಗೆ ಗಾಳಿ ಬೀಸ್ತೀಯೋ?” ಎಂದರು. ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಗೆಂಡೆ ಮೀನು ತಂದು ಅಜ್ಜಿಯ ಮುಂದಿಟ್ಟ. ಅಜ್ಜಿ ಹುಣಿಸೆಹುಳಿ ಹಿಂಡಿ ಸಾರು ಮಾಡಿದಳು. ಮುದ್ದೆ ಮುರಿಯುತ್ತಾ ಅಜ್ಜ ಮಾತ್ರ, ಮೀನಿಗೂ ಮೋಸ ಮಾಡುವ ಕಾಲ ಬಂತಲ್ಲ ಎಂದ. ತಿನ್ನುವುದನ್ನೇನೂ ನಿಲ್ಲಿಸಲಿಲ್ಲ.

ಚಿಕ್ಕಪ್ಪನಿಗೆ ಕೆರೆ ಸಾಲದು. ಒಂದು ಬೇಸಿಗೆಯಾದರೂ ಸಿಹಿನೀರಿನಿಂದ ಶುರುಮಾಡಿ ಉಪ್ಪುನೀರಿನವರೆಗೆ ಈ ಕೋಲು ಹಿಡಿದು ಹೋಗಬೇಕು, ಕಡಲಿಗೆ ಒಂದು ನೊಣ ಹಾರಿಸಿ ಬರಬೇಕು ಎನ್ನುವುದು ಅವನ ಆಸೆ. ರಾಗಿ ಒಕ್ಕಣೆಯೆಲ್ಲ ಮುಗಿದು ತೋಟದಲ್ಲಿ ಬಿಸಿಲು ಸುರಿಯತೊಡಗಿದರೆ ಮನೆಯಲ್ಲಿ ಆ ಪಯಣದ ತಯಾರಿ ಶುರುವಾಗುತ್ತಿತ್ತು. ಮಧ್ಯಾಹ್ನ ಊಟ ಆದಮೇಲೆ ನಡುಮನೆಯ ತಂಪು ನೆಲದ ಮೇಲೆ ತೆಂಗಿನ ಚಿಪ್ಪುಗಳನ್ನು ಬೋರಲು ಹಾಕಿ ದಾರಿ ಮಾಡುತ್ತಿದ್ದ. ಈ ಚಿಪ್ಪು ಅಯ್ಯನಕೆರೆ. ಇದು ತರೀಕೆರೆ, ಇಲ್ಲಿ ಇಳಿದು ಲಕ್ಕವಳ್ಳಿ ಬಸ್ಸು ಹತ್ತಬೇಕು. ಇದು ಭದ್ರೆಯ ಹಿನ್ನೀರು, ಇಲ್ಲಿ ದೊಡ್ಡ ಮೀನು, ಕೋಲು ಗಟ್ಟಿ ಹಿಡೀಬೇಕು. ಆಮೇಲೆ ಶಿವಮೊಗ್ಗ, ಆಮೇಲೆ ಘಟ್ಟ. ಹೊಸಿಲ ಹತ್ತಿರ ಇಟ್ಟ ಅಗಲದ ಚಿಪ್ಪು ಕಡಲು. ಅದನ್ನು ಮಾತ್ರ ಅಂಗಾತ ಇಟ್ಟು ನೀರು ತುಂಬಿಸುತ್ತಿದ್ದ. ಸುಮ ಆಗ ಅಂಬೆಗಾಲಿನ ಮಗು, ತೆವಳಿಕೊಂಡು ಬಂದು ಕಡಲನ್ನು ಉರುಳಿಸುತ್ತಿದ್ದಳು.

ನನ್ನನ್ನೂ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದ. ನೊಣ ಕಟ್ಟುವಾಗ ದಾರದ ತುದಿ ಹಿಡಿದುಕೊಳ್ಳುವವಳು ನಾನೇ ಆಗಿದ್ದರಿಂದ ಆ ಹಕ್ಕು ನನ್ನದೇ ಎಂದು ನಂಬಿದ್ದೆ. ಕೆರೆಯ ಮೀನಿಗೆ ಹುಂಜದ ಕತ್ತಿನ ಕೆಂಪು ಗರಿ. ಕಡಲ ಮೀನಿಗೆ ಹೊಳಪು ಬೇಕೆಂದು ಸಿಗರೇಟಿನ ಪ್ಯಾಕಿನ ಬೆಳ್ಳಿ ಕಾಗದ. ಅಲ್ಲಿಯವರೆಗೆ ಕಡಲ ಮೀನು ಎಂದರೆ ನಾನು ಕಂಡದ್ದು ಸಂತೆಯ ಒಣಮೀನು ಒಂದೇ. ಅವು ನೀರಿನಲ್ಲೂ ಹಾಗೇ ಚಪ್ಪಟೆಯಾಗಿ, ಉಪ್ಪು ಹಚ್ಚಿಕೊಂಡೇ ಈಜುತ್ತವೆ ಎಂದುಕೊಂಡಿದ್ದೆ. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನೇನೂ ಕಡಿಮೆಯಿರಲಿಲ್ಲ. ದಾರ ನೀರಿನ ಮೇಲೆ ತೇಲಬೇಕಾದರೆ ಅದಕ್ಕೆ ಜಿಡ್ಡು ಸವರಬೇಕು ಎಂದು ಕಾಫಿ ತೋಟದ ಯಜಮಾನರು ಹೇಳಿದ್ದರಂತೆ. ತೆಂಗಿನ ತೋಟದ ಮನೆಯವನಿಗೆ ಜಿಡ್ಡು ಎಂದರೆ ಇನ್ನೇನು ಹೊಳೆದೀತು? ಧಾರಾಳವಾಗಿ ಕೊಬ್ಬರಿ ಎಣ್ಣೆ ಸವರಿ ಗೂಟಕ್ಕೆ ನೇತುಹಾಕಿದ. ಬೆಳಿಗ್ಗೆ ನೋಡಿದರೆ ಗೋಡೆಯಿಂದ ದಾರದವರೆಗೆ ಇರುವೆಯ ಸಾಲು. ಆಮೇಲೆ ಇಲಿಗಳೂ ಬಂದು ಪಾಲು ಪಡೆದವು. ಅಜ್ಜಂಪುರದ ಅಂಗಡಿಯಲ್ಲಿ ಬೇರೆ ದಾರ ತಂದು, ಅದಕ್ಕೆ ಜೇನುಮೇಣ ತಿಕ್ಕಿದ. ಡಬ್ಬಿಗೆ ಕರ್ಪೂರ ಬಂದು ಸೇರಿದ್ದೂ ಆವಾಗಲೇ.

ಇಷ್ಟೆಲ್ಲ ಆದರೂ ಅವನು ಕಡಲಿಗೆ ಹೋಗಲಿಲ್ಲ. ಹೋಗದಂತೆ ತಡೆದದ್ದು ನಮ್ಮ ಅಜ್ಜಿಯ ಬಾಯಿಂದ ಬಂದ ಒಂದು ಮಾತು.

ಹೊರಟವರನ್ನು “ಎಲ್ಲಿಗೆ” ಎಂದು ಕೇಳಬಾರದು ಎನ್ನುವುದು ನಿಮಗೂ ಗೊತ್ತಿರುತ್ತದೆ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕೇಳಲೇಬೇಕಾದರೆ “ದೂರ ಹೊರಟ್ರಾ?” ಎನ್ನಬೇಕು. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ಅಜ್ಜಿಯೇ ಕಾವಲು. ಬಾಯಿತಪ್ಪಿ “ಎಲ್ಲಿಗೆ” ಎಂದ ಮಕ್ಕಳ ತಲೆಗೆ ಮೊಟಕುತ್ತಿದ್ದಳು. ಚಿಕ್ಕಪ್ಪ ಅಯ್ಯನಕೆರೆಗೆ ಹೋಗುವಾಗ, ಲಕ್ಕವಳ್ಳಿಗೆ ಹೋಗುವಾಗ ಜಗಲಿಯ ಮೇಲೆ ಕೂತು “ದೂರ ಹೊರಟ್ಯೇನೋ ರಂಗ?” ಎಂದು ಸರಿಯಾಗಿಯೇ ಕೇಳುತ್ತಿದ್ದಳು. ಆದರೆ ಬೇಸಿಗೆಯಲ್ಲಿ ಅವನು ಕೋಲು ಕಳಚಿ ಬಟ್ಟೆಯಲ್ಲಿ ಸುತ್ತಿಕೊಂಡು, ಚೀಲ ಹೆಗಲಿಗೇರಿಸಿ, ನನ್ನ ಕೈಹಿಡಿದು ನಿಜವಾಗಿಯೂ ದೂರಕ್ಕೆ ಹೊರಟಾಗ, ಹೊಸಿಲು ದಾಟುವ ಗಳಿಗೆಗೆ ಸರಿಯಾಗಿ, ಅಡಿಕೆ ಜಗಿಯುತ್ತಾ ಕೇಳುತ್ತಿದ್ದಳು: “ಎಲ್ಲಿಗೋ ಹೊರಟೆ?”

ಚಿಕ್ಕಪ್ಪ ನಿಂತುಬಿಡುತ್ತಿದ್ದ. ಒಳಗೆ ಬಂದು, ಚೀಲ ಇಳಿಸಿ, ಕೂತು ನೀರು ಕುಡಿಯುತ್ತಿದ್ದ. ನೀರು ಕುಡಿದು ಮತ್ತೆ ಹೊರಟರೆ ದೋಷವಿಲ್ಲ, ಅದಕ್ಕೂ ದಾರಿಯಿದೆ. ಆದರೆ ನಮ್ಮೂರಿಗೆ ಬೆಳಿಗ್ಗೆ ಬರುತ್ತಿದ್ದುದು ಒಂದೇ ಬಸ್ಸು. ಅವನು ಚೊಂಬು ಕೆಳಗಿಡುವಷ್ಟರಲ್ಲಿ ಅದು ಹಾರನ್ ಹೊಡೆದು ಹೋಗಿರುತ್ತಿತ್ತು. ಒಂದು ಸಲ ಮುರಿದ ಪಯಣವನ್ನು ಅದೇ ತಿಂಗಳಲ್ಲಿ ಮತ್ತೆ ಕೂಡಿಸಬಾರದು ಎಂದು ಅಜ್ಜಿಯದೇ ಇನ್ನೊಂದು ಕಾನೂನು. ಅಷ್ಟರಲ್ಲಿ ಮಳೆ ಬರುತ್ತದೆ, ಕಡಲು ಕೆರಳುತ್ತದೆ, ಮುಂದಿನ ಬೇಸಿಗೆಗೆ ನೋಡೋಣ. ಚಿಕ್ಕಪ್ಪ ಒಂದು ದಿನವೂ ಅಜ್ಜಿಯ ಮೇಲೆ ರೇಗಲಿಲ್ಲ. ರೇಗುತ್ತಿದ್ದವಳು ನಾನು. ಹೊಸ ಲಂಗ ಹಾಕಿಕೊಂಡು, ಎರಡು ಜಡೆ ಹೆಣೆಸಿಕೊಂಡು ತಯಾರಾಗಿರುತ್ತಿದ್ದೆನಲ್ಲ, ಅಳು ಒತ್ತರಿಸಿ ಬರುತ್ತಿತ್ತು.

ಒಂದು ಸಲ ನೇರವಾಗಿಯೇ ಜಗಳಕ್ಕೆ ನಿಂತೆ. “ನೀನು ಬೇಕಂತಲೇ ಕೇಳ್ತೀಯ. ಕೆರೆಗೆ ಹೋಗುವಾಗ ಯಾಕೆ ಕೇಳಲ್ಲ?”

ಅಜ್ಜಿ ಇಲ್ಲ ಎನ್ನಲಿಲ್ಲ. “ಕೆರೆಗೆ ಸುತ್ತ ದಡ ಐತೆ ಕಣವ್ವ. ಕಡಲಿಗೆ ಒಂದೇ ಕಡೆ” ಎಂದಳು. ಆಮೇಲೆ ತನ್ನ ತಮ್ಮನ ವಿಷಯ ಹೇಳಿದಳು. ಮೀಸೆ ಮೂಡುವ ವಯಸ್ಸಿನಲ್ಲಿ ಘಟ್ಟದ ಕೆಳಗೆ ಬಂದರಿನ ಕೆಲಸಕ್ಕೆಂದು ಹೊರಟವನು. ಅವನ ಬುತ್ತಿ ಕಟ್ಟಿದವಳು ಇವಳೇ. ಅವನು ಯಾವುದೋ ದೋಣಿ ಹತ್ತಿದನಂತೆ ಎಂಬ ಸುದ್ದಿ ಬಂತು, ಅವನು ಬರಲಿಲ್ಲ. “ದೂರ ಹೊರಟ್ಯೇನಪ್ಪಾ ಅಂತ ಸರಿಯಾಗೇ ಕೇಳ್ದೆ. ದೂರಾನೇ ಹೋಗ್ಬಿಟ್ಟ. ಅದಕ್ಕೇ ಇವನನ್ನ ಸರಿಯಾಗಿ ಕೇಳಲ್ಲ.” ನನ್ನ ಜಗಳ ಅಲ್ಲಿಗೇ ಮುಗಿಯಿತು. ಕಡಲು ನೋಡುವ ಆಸೆ ಮಾತ್ರ ಹಾಗೇ ಇತ್ತು.

ನಾನು ಹೈಸ್ಕೂಲಿಗೆ ಸೇರುವ ಮುಂಚಿನ ಬೇಸಿಗೆ ಅದು. ಅಜ್ಜ ತೀರಿಕೊಂಡಿದ್ದ. ಅಜ್ಜಿ ಸೊರಗಿದ್ದಳು, ಅನ್ನ ಸೇರುತ್ತಿರಲಿಲ್ಲ. ಆ ವರ್ಷವೂ ಚಿಪ್ಪು ಜೋಡಿಸಿದೆವು, ಬೆಳ್ಳಿ ಕಾಗದದ ನೊಣ ಕಟ್ಟಿದೆವು, ಬೆಳಿಗ್ಗೆ ಚೀಲ ಏರಿಸಿ ಹೊರಟೆವು. ಹೊಸಿಲ ಹತ್ತಿರ ಚಿಕ್ಕಪ್ಪ ಅಭ್ಯಾಸದಂತೆ ಹೆಜ್ಜೆ ನಿಧಾನ ಮಾಡಿದ. ಅಜ್ಜಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ, “ದೂರ ಹೊರಟ್ಯೇನೋ ರಂಗ?” ಎಂದಳು.

ನನಗೆ ಕುಣಿಯುವಷ್ಟು ಖುಷಿಯಾಯಿತು. ಚಿಕ್ಕಪ್ಪನ ಕೈ ಎಳೆದೆ. ಅವನು ಕದಲಲಿಲ್ಲ. “ಅವ್ವ, ಎಲ್ಲಿಗೆ ಅಂತ ಕೇಳು” ಎಂದ.

“ಯಾಕೋ? ಬಸ್ ಬತ್ತದೆ, ಹೋಗೋ. ಕೂಸು ಎಷ್ಟು ವರ್ಷದಿಂದ ಕಾಯ್ತಾ ಐತೆ.”

“ಕೇಳವ್ವ.”

ಅಜ್ಜಿ ಕೇಳಲಿಲ್ಲ, ಸುಮ್ಮನೆ ನಕ್ಕಳು. ಬಸ್ಸು ಬಂತು, ನಮ್ಮ ಮನೆಯ ಮುಂದೆ ನಿಂತಿತು ಕೂಡ. ಚಿಕ್ಕಪ್ಪ ಕೈಯಾಡಿಸಿ ಅದನ್ನು ಕಳಿಸಿಬಿಟ್ಟು, ಚೀಲ ಇಳಿಸಿ ಅಜ್ಜಿಯ ಪಕ್ಕದಲ್ಲಿ ಕೂತ. ನಾನು ತೋಟದೊಳಕ್ಕೆ ಓಡಿ ಹೋಗಿ ಅತ್ತೆ. ಅವನು ಅವತ್ತು ಯಾಕೆ ಕೂತನೆಂದು ಅರ್ಥವಾಗಲು ದೀಪಾವಳಿಯವರೆಗೆ ಕಾಯಬೇಕಾಯಿತು. ಹಬ್ಬಕ್ಕೆ ಅಜ್ಜಿ ಇರಲಿಲ್ಲ. ತಡೆಯುವುದನ್ನು ಅವಳು ಬಿಟ್ಟ ದಿನವೇ ಚಿಕ್ಕಪ್ಪನಿಗೆ ಅದು ಗೊತ್ತಾಗಿತ್ತು.

ಆಮೇಲಿನ ಬೇಸಿಗೆಯಲ್ಲಿ ಚಿಪ್ಪುಗಳು ನೆಲಕ್ಕೆ ಬರಲಿಲ್ಲ. ಈಗ ತಡೆಯುವವರು ಯಾರೂ ಇಲ್ಲವಲ್ಲ, ಹೋಗಬಹುದಲ್ಲ ಎಂದು ನಾನೇ ಒಂದು ಸಲ ಹೇಳಿದೆ. “ಹೋಗ್ಬೋದು ಕಣವ್ವ. ಕೇಳೋರೇ ಇಲ್ವಲ್ಲ” ಎಂದ. ಅಯ್ಯನಕೆರೆಗೆ ಮಾತ್ರ ಕೈಕಾಲು ಆಡುವವರೆಗೂ ಹೋದ. ಮೂರು ವರ್ಷದ ಕೆಳಗೆ, ಕಡಲನ್ನು ಟಿ.ವಿ.ಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡದೆ, ತೀರಿಕೊಂಡ. ಅದು ನನಗೆ ಇವತ್ತಿಗೂ ಸಂಕಟವೇ.

ಡಬ್ಬಿ ಸಿಕ್ಕಿದ ದಿನವೇ ಸುಮ ಹಟ ಹಿಡಿದಳು. ಮೇ ತಿಂಗಳಲ್ಲಿ ಹೋಗೋಣ ಎಂದಳು. ಈಗಿನ ತಯಾರಿ ಎಷ್ಟು ಸಲೀಸು. ಮೊಬೈಲಿನಲ್ಲಿ ದಾರಿ, ಮೊಬೈಲಿನಲ್ಲೇ ಲಾಡ್ಜು, ಕೋಲು ಬೀಸುವುದು ಹೇಗೆಂಬ ವಿಡಿಯೋಗಳೂ ಅದರಲ್ಲೇ. ಸಜ್ಜದ ಮೂಲೆಯಲ್ಲಿದ್ದ ಅಪ್ಪನ ಕೋಲನ್ನು ಜೋಡಿಸಿಕೊಂಡು ಸುಮ ತಾರಸಿಯ ಮೇಲೆ ನಿಂತು ಬೀಸಿ ಬೀಸಿ ಪಕ್ಕದ ಮನೆಯವರ ಒಣಹಾಕಿದ ಸೀರೆ ಹಿಡಿದಳು. ಆದರೂ ಒಂದು ಮಧ್ಯಾಹ್ನ ಅವಳ ಟೈಲ್ಸ್ ನೆಲದ ಮೇಲೆ ಚಿಪ್ಪು ಜೋಡಿಸಿದೆವು. ಅಯ್ಯನಕೆರೆ, ಲಕ್ಕವಳ್ಳಿ, ಘಟ್ಟ. ನೀರು ತುಂಬಿದ ಚಿಪ್ಪನ್ನು ಈ ಸಲ ಯಾರೂ ಉರುಳಿಸಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಬಾಗಿಲಿಗೆ ಬೀಗ ಹಾಕಿ, ಕೋಲನ್ನು ಹಿಂದಿನ ಸೀಟಿನ ಮೇಲೆ ಮಲಗಿಸಿ, ಡಬ್ಬಿಯನ್ನು ನಾನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತೆವು. ರಂಗೋಲಿ ಹಾಕುತ್ತಿದ್ದ ಪಕ್ಕದ ಮನೆಯಾಕೆ ತಲೆಯೆತ್ತಿ, “ದೂರ ಹೊರಟ್ರಾ?” ಎಂದು ಸರಿಯಾಗಿಯೇ ಕೇಳಿದರು. “ಹೂಂ ಕಣಕ್ಕ” ಎಂದ ಸುಮ ಕೀಲಿ ತಿರುವಲಿಲ್ಲ. ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಳು. ಆಮೇಲೆ, “ಅಕ್ಕ, ನೀನಾದ್ರೂ ಕೇಳೇ” ಎಂದಳು.

ಅಜ್ಜಿ ಕೇಳುತ್ತಿದ್ದ ಹಾಗೆಯೇ ಕೇಳಿದೆ. “ಎಲ್ಲಿಗೇ ಹೊರಟೆ?”

ಇಬ್ಬರೂ ಇಳಿದೆವು. ಬೀಗ ತೆಗೆದು ಒಳಗೆ ಹೋಗಿ, ನೆಲದ ಮೇಲೆ ಕೂತು, ಒಂದೇ ಚೊಂಬಿನಿಂದ ನೀರು ಕುಡಿದೆವು. ತಪ್ಪಿಹೋಗುವ ಬಸ್ಸು ಯಾವುದೂ ಇರಲಿಲ್ಲ. ಸ್ವಲ್ಪ ಹೊತ್ತು ಕೂತಿದ್ದು, ಚೊಂಬನ್ನು ಒಳಗಿಟ್ಟು ಹೊರಟೆವು.