ನೊಣದಕ್ಕನ ಅಡುಗೆಮನೆ

ನೊಣಗಳಿಗೆ ಅಡುಗೆ ಮಾಡುವುದೇ ಅವಳ ಉದ್ಯೋಗ. ಮೊದಲ ಸಲ ಕೇಳಿದವರು ನಗುತ್ತಾರೆ, ಎರಡನೇ ಸಲ ಮೂಗು ಮುರಿಯುತ್ತಾರೆ. ಅವಳ ನಾದಿನಿಯಂತೂ ಹದಿನೆಂಟು ವರ್ಷದಿಂದ ಎರಡನ್ನೂ ಬಿಡದೆ ಮಾಡಿಕೊಂಡು ಬಂದಿದ್ದಾಳೆ.

"ನಾವು ನೊಣ ಬಂದ್ರೆ ಟವೆಲ್ ಬೀಸಿ ಓಡಿಸ್ತೀವಿ. ನಮ್ಮತ್ತಿಗೆ ಕೂರಿಸಿ ಬಡಿಸಿ ಬರ್ತಾರೆ," ಎಂದು ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ.

"ಅವು ಉಪ್ಪು ಕಮ್ಮಿ ಅನ್ನಲ್ಲ, ತಟ್ಟೇಲಿ ಬಿಟ್ಟು ಎದ್ದು ಹೋಗಲ್ಲ. ನಿನಗಿಂತ ವಾಸಿ," ಎಂದು ಅತ್ತಿಗೆಯೂ ತಿರುಗಿ ಕೊಡುತ್ತಾಳೆ.

ಸಂಶೋಧನಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ನೊಣದಕ್ಕ ಎಂದೇ. ಎರಡನೇ ಮಹಡಿಯ ತುದಿಯಲ್ಲಿ ಅವಳ ಅಡುಗೆಮನೆ. ಪಕ್ಕದ ಕೋಣೆಗಳಲ್ಲಿ ಸಾವಿರಾರು ಗಾಜಿನ ಸೀಸೆಗಳು, ಒಂದೊಂದರ ಬಾಯಿಗೂ ಹತ್ತಿಯ ಬಿರಡೆ, ಒಳಗೆ ಎಳ್ಳುಕಾಳಿನಷ್ಟು ದೊಡ್ಡ ಹಣ್ಣಿನ ನೊಣಗಳು. ನೊಣದ ನರದಲ್ಲಿ ಯಾವುದು ಹೇಗೆ ಕೆಡುತ್ತದೆಯೋ ಮನುಷ್ಯನ ನರದಲ್ಲೂ ಬಹುಮಟ್ಟಿಗೆ ಹಾಗೆಯೇ ಕೆಡುತ್ತದಂತೆ. ಅದಕ್ಕೇ ಅಲ್ಲಿಯ ಹುಡುಗರು ಹುಡುಗಿಯರು ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮೇಲೆ ಬಾಗಿ ಕೂರುತ್ತಾರೆ. ಅವರಿಗೆ ನೊಣ ಬೇಕು, ನೊಣಕ್ಕೆ ಊಟ ಬೇಕು, ಊಟಕ್ಕೆ ಇವಳು ಬೇಕು.

ಮೆಕ್ಕೆಜೋಳದ ಹಿಟ್ಟು, ಸಕ್ಕರೆ, ಈಸ್ಟು, ಗಟ್ಟಿಯಾಗಲು ಅಗರ್ ಪುಡಿ. ಎಲ್ಲ ಕುದಿಸಿ ಇಳಿಸಿ, ಪಾತ್ರೆಯ ಹೊರಮೈಗೆ ಮೊಣಕೈ ತಾಗಿಸಿದರೆ ಸುಡದಷ್ಟು ಆರಿದ ಮೇಲೆ, ಬೂಷ್ಟು ಹಿಡಿಯದಂತೆ ಒಂದಳತೆ ಆಸಿಡ್. ಬಿಸಿಯಲ್ಲಿ ಹಾಕಿದರೆ ಆವಿಯಾಗಿ ಹೋಗುತ್ತದೆ. ಕಮ್ಮಿಯಾದರೆ ಬೂಷ್ಟು. ಹೆಚ್ಚಾದರೆ ಮೊಟ್ಟೆಯಿಂದ ಮರಿ ಬರುವುದಿಲ್ಲ, ಬಡಕಲು ನೊಣವಾದರೆ ತಾನೇ ಸಾಯುತ್ತದೆ. ಆದ್ದರಿಂದ ಆಸಿಡ್ ಹಾಕಿದ ಮರುಕ್ಷಣ ಅಳತೆಯ ಗ್ಲಾಸನ್ನು ಒಲೆಯ ಪಕ್ಕ ಬೋರಲು ಹಾಕುವುದು ಅವಳ ಪದ್ಧತಿ. ಬೋರಲಾಗಿದ್ದರೆ ಹಾಕಿ ಆಗಿದೆ, ನೆಟ್ಟಗಿದ್ದರೆ ಇನ್ನೂ ಆಗಿಲ್ಲ. ಈ ಗುರುತು ಅವಳೊಬ್ಬಳಿಗೇ ಗೊತ್ತಿತ್ತು. ಇನ್ನೊಬ್ಬರಿಗೆ ಹೇಳಬೇಕೆಂದು ಅವಳಿಗೆ ಎಂದೂ ತೋಚಿರಲಿಲ್ಲ.

ಆ ಶನಿವಾರ ಬೆಳಿಗ್ಗೆ ಉಗ್ರಾಣದಣ್ಣ ಸಕ್ಕರೆ ಚೀಲ ಹೊತ್ತು ತಂದು ಮೂಲೆಗಿಟ್ಟ. ಉಗ್ರಾಣ ನೋಡಿಕೊಳ್ಳುವ ಅವನು ಬಾಯಿಗೆ ಬೀಗ ಹಾಕಿದ ಮನುಷ್ಯನಲ್ಲ.

"ನಿನ್ನೆ ನೀನು ಫೋನು ಹಿಡ್ಕೊಂಡು ಓಡಿದ್ಯಲ್ಲ, ಆಗ ಈಸ್ಟ್ ಇಡೋಕೆ ಬಂದಿದ್ದೆ. ಗ್ಲಾಸು ಬೋರಲು ಬಿದ್ದಿತ್ತು. ಉರುಳಿ ಒಡೆದೀತು ಅಂತ ನೆಟ್ಟಗೆ ನಿಲ್ಲಿಸಿ ಹೋದೆ. ನನಗೂ ಒಂದಿಷ್ಟು ಶಿಸ್ತಿದೆ ಅಂತ ಗೊತ್ತಿರಲಿ."

ನೊಣದಕ್ಕ ತಿರುಗಿ ಒಲೆಯ ಪಕ್ಕದ ಗ್ಲಾಸನ್ನು ನೋಡಿದಳು. ನಿನ್ನೆ ಗಂಡ ಫೋನು ಮಾಡಿದ್ದ, ಅಮ್ಮನ ಮಾತ್ರೆ ಎಲ್ಲಿಟ್ಟಿದ್ದೀಯ ಎಂದು. ಯಾವ ಕಪಾಟು, ಯಾವ ಡಬ್ಬ ಎಂದು ಹತ್ತು ನಿಮಿಷ ಹೇಳಿ ಅವಳು ಒಳಗೆ ಬಂದಾಗ ಗ್ಲಾಸು ನೆಟ್ಟಗಿತ್ತು. ಅವಳು ಆಸಿಡ್ ಅಳೆದು ಸುರಿದಿದ್ದಳು. ಅಂದರೆ ಎರಡನೇ ಸಲ. ನೆಗಡಿಯಿಂದ ಮೂಗು ಕಟ್ಟಿದ್ದರಿಂದ ವಾಸನೆಯೂ ಹತ್ತಿರಲಿಲ್ಲ.

ನಿನ್ನೆಯ ಒಂದು ಸೀಸೆ ತೆಗೆದು ಬಿರಡೆ ಬಿಚ್ಚಿ ಅವನ ಮುಂದೆ ಹಿಡಿದಳು. "ಅಣ್ಣಾ, ಮೂಸಿ ನೋಡಿ."

ಅವನು ಮೂಸಿ ತಲೆ ಹಿಂದಕ್ಕೆಳೆದುಕೊಂಡ. "ಅಬ್ಬ, ಮೂಗೇ ಕಿತ್ತು ಬಂತು. ಏನಿದು?"

ಅವಳು ಸೀಸೆಗೆ ಬಿರಡೆ ಒತ್ತಿದಳು. ಅವಳ ಕಣ್ಣ ಮುಂದೆ ಇದ್ದದ್ದು ಕನ್ನಡಕದ ಹುಡುಗಿಯ ಏಳು ನೊಣ.

ಕನ್ನಡಕದ ಹುಡುಗಿ ಅಲ್ಲಿ ನಾಲ್ಕು ವರ್ಷದಿಂದ ಸಂಶೋಧನೆ ಮಾಡುತ್ತಿದ್ದಳು. ಅವರು ಸಾಕುವ ಒಂದು ಜಾತಿಯ ನೊಣಗಳಿಗೆ ತಿಂಗಳು ತುಂಬುವ ಹೊತ್ತಿಗೆ ಕಾಲು ನಡುಗಲು ಶುರುವಾಗುತ್ತದೆ. ಅದೇ ಜಾತಿಯಲ್ಲಿ, ಸಾಯುವತನಕ ನಡುಗದ ಒಂದು ವಂಶ ಅವಳ ಕೈಗೆ ಸಿಕ್ಕಿತ್ತು. ಇವುಗಳ ನರದಲ್ಲಿ ಆ ನಡುಕವನ್ನು ತಡೆಯುತ್ತಿರುವುದು ಏನು ಎಂಬುದೇ ಅವಳ ಪ್ರಶ್ನೆ. ಬೇರೆಲ್ಲೂ ಆ ವಂಶವಿಲ್ಲ. ಮೂರು ವಾರದ ಹಿಂದೆ ನೊಣಗಳನ್ನು ಹದವಾದ ಶಾಖದಲ್ಲಿಡುವ ಪೆಟ್ಟಿಗೆ ಕೆಟ್ಟು, ಒಳಗೆ ಬೆಂಕಿಯಂತೆ ಕಾದು, ಅಂದಿನಿಂದ ಒಂದೊಂದಾಗಿ ಸತ್ತು ಏಳು ಮಾತ್ರ ಉಳಿದಿದ್ದವು. ಶುಕ್ರವಾರ ಸಂಜೆ ಅವನ್ನು ಹೊಸ ಊಟದ ಸೀಸೆಗೆ ಸೇರಿಸಿ, "ಅಕ್ಕಾ, ಎರಡು ದಿನ ಯಾರೂ ಅಲ್ಲಾಡಿಸಬಾರದು, ಮೊಟ್ಟೆ ಇಡಲಿ," ಎಂದು ಹೇಳಿ ದೂರದಲ್ಲಿದ್ದ ತನ್ನಕ್ಕನ ಮನೆಗೆ ಹೋಗಿದ್ದಳು. ಮೂರು ವಾರದಲ್ಲಿ ಅವಳು ಹಾಕಿದ ಮೊದಲ ರಜೆ ಅದು.

ನೊಣದಕ್ಕ ಪಕ್ಕದ ಕೋಣೆಗೆ ಓಡಿ, ರಿಪೇರಿಯಾಗಿದ್ದ ಆ ಪೆಟ್ಟಿಗೆಯ ಬಾಗಿಲು ತೆರೆದು ನೋಡಿದರೆ ಎರಡು ನೊಣ ಊಟದ ಮೇಲೆ ಅಂಗಾತ ಬಿದ್ದಿದ್ದವು. ಉಳಿದ ಐದು ಮೇಲಕ್ಕೆ, ಬಿರಡೆಯ ಹತ್ತಿರಕ್ಕೆ ಹತ್ತಿ ಗಾಜಿಗೆ ಅಂಟಿಕೊಂಡಿದ್ದವು. ಹೊಗೆ ತುಂಬಿದ ಮನೆಯಲ್ಲಿ ಜನ ಕಿಟಕಿಗೆ ಮುಖ ಒಡ್ಡಿದ ಹಾಗೆ.

ಹಿಂದೆಯೇ ಬಂದ ಉಗ್ರಾಣದಣ್ಣನಿಗೆ ಅಷ್ಟರಲ್ಲಿ ವಿಷಯ ಅರ್ಥವಾಗಿತ್ತು. ಅವನು ದನಿ ತಗ್ಗಿಸಿದ. "ನೋಡು ತಾಯಿ, ಕಂಡಿರೋರು ನಾವಿಬ್ಬರೇ. ನಿನ್ನೆಯ ಊಟ ಬೇರೆ ಯಾರೂ ತಗೊಂಡಿಲ್ಲ, ಉಳಿದ ಸೀಸೆಗಳನ್ನ ತೊಳೆದುಬಿಡು. ಆ ನೊಣಗಳು ಹೇಗೂ ಮೂರು ವಾರದಿಂದ ಸಾಯ್ತಾನೇ ಇವೆ. ಸೋಮವಾರ ಸತ್ತು ಬಿದ್ದಿದ್ರೆ ಶಾಖದ ಪೆಟ್ಟಿಗೆ ತಲೆಗೆ ಬರುತ್ತೆ. ಪ್ರೊಫೆಸರು ಹೋದ ತಿಂಗಳು ಏನಂದ್ರು, ಮರೆತ್ಯಾ?"

ಮರೆತಿರಲಿಲ್ಲ. ಒಂದು ದಿನ ಬೂಷ್ಟು ಕಂಡದ್ದಕ್ಕೆ ಪ್ರೊಫೆಸರ್ ಎಲ್ಲರೆದುರು ಹೇಳಿದ್ದರು: ಇನ್ನೊಂದು ಎಡವಟ್ಟಾದರೆ ಅಡುಗೆಮನೆ ಮುಚ್ಚಿಸಿ ಸಿದ್ಧ ಊಟ ತರಿಸುತ್ತೇನೆ.

ಅವಳು ಗೋಡೆಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ದೇವರ ಹತ್ತಿರ ಕೇಳಿಕೊಳ್ಳಲು ಮಾತು ಹುಡುಕಿದರೆ, ಬಾಯಿಗೆ ಬಂದದ್ದು 'ಬೇಗ' ಎಂಬುದೊಂದೇ. ಕಣ್ಣು ಬಿಟ್ಟು ಫೋನು ತೆಗೆದಳು.

ಮೂರನೇ ಸಲಕ್ಕೆ ಹುಡುಗಿ ಎತ್ತಿದಳು. "ಏನಕ್ಕಾ, ಬೆಳಗ್ಗೇನೇ?"

"ಕಂದ, ನನ್ನ ಕೈಯಿಂದ ತಪ್ಪಾಗಿದೆ. ನಿನ್ನೆ ಊಟಕ್ಕೆ ಆಸಿಡ್ ಎರಡು ಸಲ ಬಿದ್ದಿದೆ. ನಿನ್ನವು ಎರಡು ಹೋಗಿವೆ."

ಆ ಕಡೆ ಹುಡುಗಿ ಧಡಕ್ಕನೆ ಎದ್ದು ನಿಂತ ಸದ್ದು ಕೇಳಿಸಿತು. ಆಮೇಲೆ, "ಉಳಿದಿರೋದು?"

"ಐದು. ಹಿಂಭಾಗ ಕಪ್ಪಗಿರೋ ಗಂಡು ಎರಡು. ಹೆಣ್ಣು ಮೂರು."

"ಬುಧವಾರ ಮಾಡಿದ ಊಟ ಉಳಿದಿದೆಯಾ?"

"ಒಂದು ಸೀಸೆಯೂ ಇಲ್ಲ. ಹೊಸದು ಬೇಯಿಸಿ ಆರಿಸಿ ಗಟ್ಟಿಯಾಗೋಕೆ ಎರಡೂವರೆ ಗಂಟೆ ಬೇಕು."

"ಅಷ್ಟು ಹೊತ್ತು ಅದರೊಳಗೆ ಇರಬಾರದು. ಖಾಲಿ ಸೀಸೆಗೆ ಸಕ್ಕರೆ ನೀರಲ್ಲಿ ಅದ್ದಿದ ಕಾಗದ ಹಾಕಿ, ಅದಕ್ಕೆ ಬಿಡಬೇಕು. ನಾನು ಬಂದು ಸೇರೋಕೆ ಮೂರು ಗಂಟೆ." ಹುಡುಗಿಯ ದನಿ ಒಡೆಯಿತು. "ನೀವೇ ಮಾಡಬೇಕು."

"ನಾನಾ? ಪಾತ್ರೆ ತಿರುವೋ ಕೈ ಕಣೇ ಇದು. ಒಂದು ಹಾರಿ ಹೋದ್ರೆ?"

"ನಾಲ್ಕು ಉಳಿಯುತ್ತೆ. ಸುಮ್ಮನಿದ್ರೆ ಒಂದೂ ಇಲ್ಲ. ಅಕ್ಕಾ, ನಾವು ತಟ್ಟಿ ಬೀಳಿಸ್ತೀವಲ್ಲ, ಹಾಗೆ ತಟ್ಟಬೇಡಿ. ಅವಕ್ಕೆ ಶಕ್ತಿ ಇಲ್ಲ, ಕೆಳಗೆ ಬಿದ್ರೆ ಊಟಕ್ಕೆ ಅಂಟಿಕೊಳ್ತವೆ. ಸೀಸೆಯ ಬಾಯಿಗೆ ಸೀಸೆಯ ಬಾಯಿ ಇಟ್ಟು ಹಿಡ್ಕೊಳ್ಳಿ. ತಾವಾಗೇ ಬೆಳಕಿನ ಕಡೆ ಹತ್ತಲಿ."

ಫೋನನ್ನು ಮೇಜಿನ ಮೇಲಿಟ್ಟು ಕಿಟಕಿಯ ಹತ್ತಿರ ನಿಂತಳು. ಉಗ್ರಾಣದಣ್ಣ ಬಾಗಿಲು ಹಾಕಿ, ಫ್ಯಾನು ಆರಿಸಿ, ಹೇಳದೆಯೇ ಬಾಯಿ ಮುಚ್ಚಿಕೊಂಡ. ಸಕ್ಕರೆ ನೀರಿನ ಕಾಗದ ಅಂಟಿಸಿದ ಖಾಲಿ ಸೀಸೆಯನ್ನು ಬೋರಲಾಗಿ ಮೇಲೆ ಹಿಡಿದು, ಕೆಳಗಿನ ಸೀಸೆಯ ಬಿರಡೆಯನ್ನು ಕಿರುಬೆರಳಿಂದ ಸರಿಸಿದಳು. ಎರಡು ಬಾಯಿಗಳ ನಡುವೆ ಕೂದಲಿನಷ್ಟು ಸಂದು ಬಿಟ್ಟರೂ ಮುಗಿಯಿತು. ಕೆಳಗಿನ ಸೀಸೆಯನ್ನು ಸೆರಗಿನಲ್ಲಿ ಸುತ್ತಿ ಕತ್ತಲು ಮಾಡಿ, ಮೇಲಿನದನ್ನು ಬೆಳಕಿಗೆ ಒಡ್ಡಿದಳು.

ಒಂದೂ ಅಲುಗಲಿಲ್ಲ. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು, ಎರಡು ಸುತ್ತು ಬಂತು. ಮೂಗಿನ ತುದಿಯಲ್ಲಿ ನೆಗಡಿ ಇಳಿಯಿತು. ಒರೆಸಿಕೊಳ್ಳಲು ಕೈಯಿಲ್ಲ. ಸೀನು ಬಂದರೆ ಗತಿಯೇನು ಎಂದು ಯೋಚಿಸಿದ್ದೇ ತಡ, ಸೀನು ಬರತೊಡಗಿತು. ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಬರುವವರೆಗೂ ತಡೆದಳು.

"ಏನಾಯ್ತಕ್ಕಾ?" ಎಂದಿತು ಫೋನು.

"ಮಾತಾಡಿಸಬೇಡ."

ಮೊದಲನೆಯದು ಹತ್ತಿತು. ನಾಲ್ಕು ಹೆಜ್ಜೆ ನಡೆದು ನಿಂತು, ಮುಂಗಾಲು ಉಜ್ಜಿಕೊಂಡು, ಮತ್ತೆ ನಡೆದು ಗಾಜಿನ ಗಡಿ ದಾಟಿತು. ಅದರ ಹಿಂದೆಯೇ ಎರಡು. ನಾಲ್ಕನೆಯದು ಗಡಿಯ ತನಕ ಬಂದು ಹಿಂದೆ ತಿರುಗಿ, ಮತ್ತೆ ಬಂದು, ಅವಳ ಜೀವ ಹಿಂಡಿ ಕೊನೆಗೆ ದಾಟಿತು. ಐದನೆಯದು ಸೆರಗಿನ ಕತ್ತಲಲ್ಲೇ ಉಳಿಯಿತು. ತೋಳುಗಳು ಮರದ ಕೊರಡಿನಂತಾದವು. ಇಪ್ಪತ್ತು ನಿಮಿಷ ಕಾದು ಸೆರಗು ಸರಿಸಿ ನೋಡಿದರೆ ಅದು ಕಾಲು ಮಡಚಿ ಕೆಳಗೆ ಬಿದ್ದಿತ್ತು. ಮೇಲಿನ ಸೀಸೆಗೆ ಬಿರಡೆ ಒತ್ತಿದಳು.

"ನಾಲ್ಕು," ಎಂದಳು ಫೋನಿಗೆ. "ಹೆಣ್ಣು ಎರಡು."

"ಸರಿ," ಎಂದಳು ಹುಡುಗಿ. ಬಸ್ಸಿನ ಸದ್ದು ಕೇಳಿಸುತ್ತಿತ್ತು. ಆಗಲೇ ಹೊರಟುಬಿಟ್ಟಿದ್ದಳು.

ನೊಣದಕ್ಕ ಸಣ್ಣ ಪಾತ್ರೆ ಒಲೆಗಿಟ್ಟಳು. ಆಸಿಡ್ ಹಾಕುವ ಹೊತ್ತಿಗೆ ಉಗ್ರಾಣದಣ್ಣನನ್ನು ಕರೆದಳು. "ಇಲ್ಲೇ ನಿಂತ್ಕೊಳ್ಳಿ. ಒಂದೇ ಸಲ ಹಾಕಿದೆ ಅಂತ ಆಮೇಲೆ ನೀವು ಹೇಳಬೇಕು."

"ಇನ್ನು ಈ ಜನ್ಮದಲ್ಲಿ ನಿನ್ನ ಗ್ಲಾಸು ಮುಟ್ಟಿದ್ರೆ ಕೇಳು," ಎಂದ ಅವನು, ಮುಖ ಸಣ್ಣ ಮಾಡಿಕೊಂಡು.

"ನಿಮ್ಮ ತಪ್ಪೇನಿಲ್ಲ. ಹೇಳದೆ ಇದ್ದೋಳು ನಾನು."

ಮಧ್ಯಾಹ್ನ ಹುಡುಗಿ ಬಂದಳು. ಚೀಲ ಕೂಡ ಕೆಳಗಿಡದೆ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿ, ಹೊಸ ಊಟಕ್ಕೆ ಸೇರಿಸಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ನೊಣದಕ್ಕನಿಗೆ. ಹೊರಡುವಾಗ ಹುಡುಗಿ ಕೇಳಿದ್ದು ಒಂದೇ ಮಾತು. "ಪ್ರೊಫೆಸರಿಗೆ ಯಾರು ಹೇಳ್ತಾರೆ?"

"ನಾನೇ."

ಸೋಮವಾರ ಪ್ರೊಫೆಸರ್ ಕುರ್ಚಿಯಿಂದ ಮೇಲೇಳದೆ ಪೂರ್ತಿ ಕೇಳಿದರು. ಅವಳ ಗ್ಲಾಸಿನ ಗುರುತನ್ನು ಎರಡು ಸಲ ಹೇಳಿಸಿದರು. "ಹದಿನೆಂಟು ವರ್ಷ ಇದು ನಿಮ್ಮ ತಲೆಯೊಳಗೆ ಮಾತ್ರ ಇತ್ತಾ?" ಎಂದರು. ತಪ್ಪನ್ನು ಕೇಳಿದ್ದಕ್ಕಿಂತ ಹೆಚ್ಚು ಇದಕ್ಕೇ ಬೆಚ್ಚಿದಂತಿತ್ತು. "ಆ ನೊಣಗಳ ಗತಿ ಏನಾಗುತ್ತೆ ನೋಡೋಣ. ಅಡುಗೆಮನೆ ವಿಷಯ ಆಮೇಲೆ."

ಮಂಗಳವಾರ ಮೊಟ್ಟೆ ಕಾಣಲಿಲ್ಲ. ಬುಧವಾರ ಹೆಣ್ಣು ಒಂದು ಸತ್ತಿತು. ನಾದಿನಿ ಊಟಕ್ಕೆ ಕೂತಾಗ, "ಏನತ್ತಿಗೆ, ನೊಣದ ಮನೇಲಿ ಸೂತಕವಾ?" ಎಂದಳು. ಅತ್ತಿಗೆ ತಿರುಗಿ ಕೊಡದೆ ಎದ್ದು ಕೈ ತೊಳೆದದ್ದು ನೋಡಿ ಅವಳೂ ಗಪ್‌ಚಿಪ್ಪಾದಳು. ಆ ದಿನ ಪ್ರಾರ್ಥನೆಗೆ ಕೂತಾಗ ನೊಣದಕ್ಕ ತನ್ನ ಕೆಲಸ ಉಳಿಸೆಂದು ಕೇಳಿಕೊಳ್ಳಲಿಲ್ಲ. ಉಳಿದ ಒಂದು ಹೆಣ್ಣು ನೊಣದ ಜೀವವನ್ನು ಕೇಳಿಕೊಂಡಳು.

ಗುರುವಾರ ಬೆಳಿಗ್ಗೆ ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಸೀಸೆಯನ್ನು ನೊಣದಕ್ಕನ ಕೈಗೆ ಕೊಟ್ಟಳು. ಸೀಸೆ ಸುಮ್ಮನೆ ಕೊಡುವ ಹುಡುಗಿಯಲ್ಲ ಅವಳು. ಬೆಳಕಿಗೆ ತಿರುಗಿಸಿದಾಗ, ಗಟ್ಟಿಯಾಗಿದ್ದ ಊಟ ಒಂದು ಪಕ್ಕಕ್ಕೆ ಮೆತ್ತಗಾಗಿ, ಅದರೊಳಗೆ ಸೂಜಿಯಿಂದ ಗೀರಿದಂಥ ಸಣ್ಣ ದಾರಿಗಳು ಕಂಡವು. ಒಂದು ದಾರಿಯ ತುದಿಯಲ್ಲಿ ಬಿಳಿಯದೇನೋ ಮಿಸುಕಿತು.

"ಹನ್ನೊಂದು ಮರಿ ಎಣಿಸಿದೆ," ಎಂದಳು ಹುಡುಗಿ. "ಇನ್ನೂ ಇರಬಹುದು. ಪ್ರೊಫೆಸರಿಗೆ ತೋರಿಸಿ ಬಂದೆ. ಅಡುಗೆಮನೆ ಸದ್ಯಕ್ಕೆ ಇರಲಿ ಅಂದ್ರು."

ನೊಣದಕ್ಕ ಆ ಬಿಳಿ ಮರಿಯನ್ನು ಇನ್ನೊಮ್ಮೆ ನೋಡಿದಳು. ಸೀಸೆಯನ್ನು ಎರಡೂ ಕೈಯಲ್ಲಿ ವಾಪಸು ಕೊಟ್ಟಳು.

ಹುಡುಗಿ ಕನ್ನಡಕ ಸರಿಮಾಡಿಕೊಂಡಳು. "ಅಕ್ಕಾ, ಇನ್ಮೇಲೆ ಆಸಿಡ್ ಹಾಕುವಾಗ ನಾನು ಪಕ್ಕದಲ್ಲಿ ನಿಂತು ನೋಡ್ತೀನಿ. ಬೇಜಾರು ಮಾಡ್ಕೋಬೇಡಿ."

ಬೇಜಾರಾಯಿತು. ಹದಿನೆಂಟು ವರ್ಷದಲ್ಲಿ ಅವಳ ಪಕ್ಕ ಯಾರೂ ಕಾವಲು ನಿಂತದ್ದಿಲ್ಲ. "ಹನ್ನೊಂದು ಗಂಟೆಗೆ ಬಾ," ಎಂದಳು. "ಅಷ್ಟು ಹೊತ್ತಿಗೆ ಪಾತ್ರೆ ಆರಿರುತ್ತೆ."

ಹನ್ನೊಂದಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಹುಡುಗಿ ಬಂದು ಒಲೆಯ ಪಕ್ಕ ನಿಂತಿದ್ದಳು.